ಕೊಡುವ ಮನೆಯ ದೊಡ್ಡವ್ವ

ಮೊನ್ನೆ ಮುಂಡರಗಿಯ ಬಸ್‌ಸ್ಟ್ಯಾಂಡ್ ಹತ್ತಿರದ ರೊಟ್ಟಿ ಅಂಗಡಿಯಲ್ಲಿ ನಿಂತಿದ್ದೆ. ಹಂಚಿನ ಮೇಲೆ ಜೋಳದ ಹಿಟ್ಟು ಸುಡುವ ವಾಸನೆ ಬೀದಿಯವರೆಗೂ ಬರುತ್ತಿತ್ತು. ಅಂಗಡಿಯಾಕೆ ಎರಡು ಬುಟ್ಟಿ ತೋರಿಸಿ, "ಸಾದಾ ಬೇಕೋ, ತೆಳ್ಳನ್ವು ಬೇಕೋ ಅಕ್ಕಾರ? ತೆಳ್ಳನ್ವಕ್ಕ ರೇಟ್ ಜಾಸ್ತಿ" ಅಂದಳು. ಒಂದು ರೊಟ್ಟಿಯನ್ನು ಬೆಳಕಿಗೆ ಹಿಡಿದಳು. ಹಿಂದಿನಿಂದ ಆಕೆಯ ಬೆರಳಿನ ನೆರಳು ಕಾಣುತ್ತಿತ್ತು. ನಾನು ದಪ್ಪನವೇ ಕೊಡಿ ಅಂದೆ. ಜತೆಗಿದ್ದ ನಮ್ಮ ಮನೆಯವರು, "ತೆಳ್ಳನ್ ರೊಟ್ಟಿ ಅಂದ್ರ ಜೀವಾ ಬಿಡ್ತಿದ್ದಿ, ಈಗೇನಾತು?" ಅಂತ ನಕ್ಕರು. ನನಗೆ ನಗು ಬರಲಿಲ್ಲ. ತೆಳ್ಳನೆಯ ರೊಟ್ಟಿ ಕಂಡರೆ ಬೆಟಗೇರಿಯ ದೊಡ್ಡವ್ವ ನೆನಪಾಗುತ್ತಾಳೆ. ಆಕೆ ನೆನಪಾದರೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯುವುದಿಲ್ಲ.

ಆಕೆ ನನ್ನ ಸ್ವಂತ ದೊಡ್ಡವ್ವ ಅಲ್ಲ. ಓಣಿಯವರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಹೆಸರು ಕೇಳಬೇಕು ಅಂತ ನನಗೆ ಅನಿಸಿದ್ದೇ ಇಲ್ಲ...

ಲಾಕ್‌ಡೌನ್‌ನಲ್ಲಿ ಮಗ್ಗಗಳು ನಿಂತು ಬೆಟಗೇರಿಯ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತದೆ ಹೋದಾಗ, ನಾವು ನಾಲ್ಕೈದು ಹೆಂಗಸರು ಕೂಡಿ ಒಂದು ರೊಟ್ಟಿ ಬ್ಯಾಂಕು ಶುರು ಮಾಡಿದ್ದೆವು. ಬ್ಯಾಂಕು ಅನ್ನುವುದು ದೊಡ್ಡ ಮಾತು. ಒಂದು ಬಾಡಿಗೆ ಟಂಟಂ ಆಟೋ, ಹತ್ತು ಬಿದಿರಿನ ಬುಟ್ಟಿ, ಯಾರೋ ಪುಣ್ಯಾತ್ಮರು ಬಿಟ್ಟುಕೊಟ್ಟ ಖಾಲಿ ಗೋದಾಮು, ಅಷ್ಟೇ. ನಮ್ಮ ಕಡೆಯ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಅದೇ ನಮ್ಮ ಬಂಡವಾಳ. ಸೋಮವಾರ ಬೆಟಗೇರಿ, ಹುಲಕೋಟಿ, ಮಲ್ಲಸಮುದ್ರದ ಮನೆಮನೆಯಿಂದ ರೊಟ್ಟಿ ಕೂಡಿಸುವುದು. ಮಂಗಳವಾರ ಶೇಂಗಾ ಚಟ್ನಿಯ ಜತೆ ಗಂಟು ಕಟ್ಟಿ ಇಲ್ಲಿಯ ಓಣಿಗಳಿಗೂ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಡೆಗೂ ಒಯ್ದು ಹಂಚುವುದು. ಮಗ್ಗ ಮತ್ತೆ ಶುರುವಾದರೂ ಹಸಿದ ಮನೆಗಳು ಉಳಿದೇ ಇದ್ದವು, ಹಾಗಾಗಿ ಕೆಲಸ ನಿಲ್ಲಲಿಲ್ಲ. ನಮ್ಮ ಮನೆಯವರು ಮಾತ್ರ, ರಾತ್ರಿ ತಣ್ಣಗಾದ ಅನ್ನ ಉಣ್ಣುವಾಗೆಲ್ಲ, "ಊರಿಗೆ ಉಪಕಾರಿ, ಮನಿಗೆ ಮಾರಿ" ಅನ್ನುತ್ತಿದ್ದರು.

ನಮ್ಮ ಪಾಲಿಗೆ ಇದ್ದದ್ದು ಎರಡೇ ಬಗೆಯ ಮನೆಗಳು. ಕೊಡುವ ಮನೆ, ಒಯ್ಯುವ ಮನೆ. ಕೊಡುವ ಮನೆಯ ಮುಂದೆ ಟಂಟಂ ನಿಲ್ಲಿಸಿ, ಹೊಸ್ತಿಲ ಆಚೆಯೇ ನಿಂತು, ನಗುನಗುತ್ತ ರೊಟ್ಟಿ ಇಸಿದುಕೊಳ್ಳುತ್ತಿದ್ದೆವು. ಒಯ್ಯುವ ಮನೆಗೆ ಮಾತ್ರ ಒಳಗೆ ಹೋಗುತ್ತಿದ್ದೆವು. ಅಡಿಗೆ ಮನೆಗೆ ಹೋಗಿ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಿದ್ದೆವು. ಹಿಟ್ಟು ಇದ್ದರೆ ರೊಟ್ಟಿ ಇಲ್ಲ. ಮನೆಯಲ್ಲಿ ಚೀಲ ತುಂಬ ಜೋಳ ಇಟ್ಟುಕೊಂಡ ಒಬ್ಬರು ನಮ್ಮಿಂದ ರೊಟ್ಟಿ ಒಯ್ದದ್ದು ಗೊತ್ತಾದ ಮೇಲೆ ಈ ನಿಯಮ ಬಂತು. ಮಾಡಿದವಳು ನಾನೇ. ಮುಚ್ಚಳ ತೆಗೆಯುವಾಗ ಬಾಗಿಲಲ್ಲಿ ಓಣಿಯ ಮಂದಿ ಇಣುಕುತ್ತಿರುತ್ತಿದ್ದರು. ಆ ಮನೆಯಾಕೆ ಗೋಡೆ ಕಡೆ ಮುಖ ಮಾಡಿ ನಿಂತಿರುತ್ತಿದ್ದಳು. ನಾನು ಅದನ್ನು ಶಿಸ್ತು ಅಂದುಕೊಂಡಿದ್ದೆ.

ದೊಡ್ಡವ್ವನದು ಕೊಡುವ ಮನೆ. ಗಂಡ ನೇಯುತ್ತಿದ್ದವನು, ತೀರಿಹೋಗಿದ್ದ. ಮಕ್ಕಳಿರಲಿಲ್ಲ. ಮೂವತ್ತು ನಲವತ್ತು ವರ್ಷ ಬೇರೆಯವರ ಮಗ್ಗಗಳಿಗೆ ನೂಲು ಸುತ್ತಿಕೊಟ್ಟು ಬದುಕಿದಾಕೆ. ನಾವು ಮೊದಲ ಸಲ ಆ ಓಣಿಗೆ ಹೋದಾಗ ಆಕೆಯ ಮನೆ ದಾಟಿ ಮುಂದೆ ಹೋಗಿದ್ದೆವು. ಹಿಂದಿನಿಂದ ಕೂಗಿ ನಿಲ್ಲಿಸಿದಳು. "ನಂದೂ ಹತ್ತು ರೊಟ್ಟಿ ಅದಾವ್ರಿ ಅಕ್ಕಾರ, ಬಿಟ್ಟು ಹೊಂಟ್ರಲ್ಲ?" ಅಂದಿನಿಂದ ಪ್ರತಿ ಸೋಮವಾರ ಒಗೆದ ಬಿಳಿ ಅರಿವೆಯಲ್ಲಿ ಹತ್ತು ರೊಟ್ಟಿ ಕಟ್ಟಿಕೊಂಡು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿರುತ್ತಿದ್ದಳು. ಒಂದು ವಾರವೂ ತಪ್ಪಿಸಲಿಲ್ಲ. ನನ್ನ ಅವ್ವನ ವಯಸ್ಸಿನವಳು ನನಗೆ 'ರಿ' ಹಚ್ಚಿ ಮಾತಾಡಿಸುತ್ತಿದ್ದಳು, ನಾನು ಆಕೆಗೆ ಸಲೀಸಾಗಿ 'ಬಾ, ಹೋಗು' ಅನ್ನುತ್ತಿದ್ದೆ.

ಎರಡನೆಯ ವರ್ಷವಿರಬೇಕು, ಆಕೆಯ ರೊಟ್ಟಿ ತೆಳ್ಳಗಾಗತೊಡಗಿದವು. ವಾರದಿಂದ ವಾರಕ್ಕೆ ತೆಳ್ಳಗೆ, ಆದರೂ ಅಂಚು ಸೀಳದೆ, ಹುಣ್ಣಿಮೆಯ ಚಂದ್ರನ ಹಾಗೆ ಗುಂಡಗೆ. ನಮ್ಮಲ್ಲಿ ತೆಳ್ಳಗೆ ರೊಟ್ಟಿ ಬಡಿಯುವವಳಿಗೆ ಇರುವ ಮರ್ಯಾದೆ ನಿಮಗೆ ಗೊತ್ತೇ ಇದೆ. ಹೆಣ್ಣು ನೋಡಲು ಬಂದವರೂ ಅದನ್ನು ಕೇಳುತ್ತಾರೆ. ನನಗಂತೂ ಹುಚ್ಚು ಹಿಡಿಯಿತು. "ದೊಡ್ಡವ್ವಾ, ನಿನ್ನ ಕೈಯಾಗ ಏನೈತಿ?" ಅಂದೆ. ಆಕೆ ಕೈ ಸೆರಗಿನೊಳಗೆ ಮುಚ್ಚಿಕೊಂಡು ನಕ್ಕಳು.

ರೊಟ್ಟಿ ಕೊಡುವ ಹೆಂಗಸರ ಆ ತಿಂಗಳ ಸಭೆಗೆ ಆಕೆಯ ಒಂದು ರೊಟ್ಟಿ ಒಯ್ದು ಎಲ್ಲರ ಮುಂದೆ ಎತ್ತಿ ಹಿಡಿದೆ. ನೋಡಿ ಕಲಿಯಿರಿ ಅಂದೆ. ಹಿಂದೆ ಕುಳಿತ ಒಬ್ಬಾಕೆ, "ಹಿಟ್ಟು ಕಡಿಮಿ ಇದ್ರ ಯಾರ ರೊಟ್ಟಿ ಬೇಕಾದ್ರೂ ತೆಳ್ಳಗಾಗ್ತಾವು ಬಿಡ್ರಿ" ಅಂದಳು. ಎಲ್ಲರೂ ನಕ್ಕರು. ಹೊಟ್ಟೆಕಿಚ್ಚು ಅಂದುಕೊಂಡೆ. ಒಬ್ಬಾಕೆ ಅಷ್ಟು ಸ್ಪಷ್ಟವಾಗಿ ಹೇಳಿದ್ದಳು, ಅದೂ ಮೈಕಿಲ್ಲದೆ, ನನ್ನ ಕಿವಿಗೆ ಬೀಳುವ ಹಾಗೆ.

ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ಸಭೆಗೆ ದೊಡ್ಡವ್ವನನ್ನೇ ಕರೆಸಿ ಶಾಲು ಹೊದಿಸಿದೆವು. ಆಕೆ ತಲೆ ತಗ್ಗಿಸಿ ನಿಂತಿದ್ದಳು, ನಾಚಿಕೆ ಅಂದುಕೊಂಡೆ. ಆವತ್ತು ನನ್ನ ತಲೆಯ ಮೇಲೆ ಎರಡು ಕೋಡು ಮೂಡಿದ್ದವು ಅಂತ ಕಾಣುತ್ತದೆ. ಶಾಲು ಹೊದಿಸಿದ ಕೈಯಿಂದಲೇ ಆಕೆಯ ಭುಜ ಹಿಡಿದು ಹೇಳಿದೆ:

"ಇಷ್ಟು ತೆಳ್ಳಗ ಬಡೀತಿಯಲ್ಲ ದೊಡ್ಡವ್ವಾ, ಅದ ಹಿಟ್ಟಿನ್ಯಾಗ ಇನ್ನೈದು ಆಗ್ತಾವ. ಮುಂದಿನ ವಾರದಿಂದ ಹದಿನೈದು ಕೊಡು."

ಆಕೆ ಶಾಲು ತೆಗೆದು ಮಡಚಿದಳು. "ಆತ್ರಿ ಅಕ್ಕಾರ" ಅಂದಳು.

ಮುಂದಿನ ಸೋಮವಾರದಿಂದ ಗಂಟಿನಲ್ಲಿ ಹದಿನೈದು ಇರುತ್ತಿದ್ದವು. ಒಮ್ಮೆ, ಆಕೆ ಗಂಟನ್ನು ನನ್ನ ಕೈಗೆ ಕೊಟ್ಟ ಮೇಲೂ ಅದರ ಅಂಚು ಹಿಡಿದುಕೊಂಡೇ ಕೇಳಿದ್ದಳು: "ಇವನ್ನ ಒಬ್ಬಾಕಿನ ಇರೋ ಮುದುಕೇರಿಗೂ ಕೊಡ್ತೀರೇನ್ರಿ?" ಕೊಡ್ತೀವಿ, ಆದರೆ ಒಳಗ ಹೋಗಿ ನೋಡಿಯೇ ಕೊಡ್ತೀವಿ, ಮೋಸ ಮಾಡೋರು ಭಾಳ ಅದಾರ ಅಂದೆ. "ನೀ ಕೊಡಾಕಿ ದೊಡ್ಡವ್ವಾ, ನಿನಗ್ಯಾಕ ಆ ಚಿಂತಿ" ಅಂತಲೂ ಸೇರಿಸಿದೆ. "ಖರೆ ಅದೂ" ಅಂದು ಅಂಚು ಬಿಟ್ಟಳು. ಆಕೆ ಬೇಡಿದ್ದು ಅದೊಂದೇ ಸಲ. ಅದನ್ನೂ ಬೇರೆ ಯಾರಿಗೋ ಅನ್ನುವ ಹಾಗೆ ಬೇಡಿದ್ದಳು...

ಒಂದು ಸೋಮವಾರ ಕಟ್ಟೆಯ ಮೇಲೆ ಇರಲಿಲ್ಲ. ಬಾಗಿಲು ಮುಂದೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ಕೂಗಿದೆ, ಓ ಅನ್ನಲಿಲ್ಲ. ಮೊದಲ ಸಲ ಆಕೆಯ ಮನೆಯ ಒಳಗೆ ಹೋದೆ. ಗೋಡೆ ಬದಿಗೆ ಚಾಪೆಯ ಮೇಲೆ ಮಲಗಿದ್ದಳು. ಏಳಲು ಹೋಗಿ ತಲೆ ತಿರುಗಿ ಮತ್ತೆ ಒರಗಿದಳು. ಒಲೆಯ ಹತ್ತಿರ ಬಿಳಿ ಅರಿವೆಯ ಗಂಟು ತಯಾರಿತ್ತು. ಮೈ ಮುಟ್ಟಿ ನೋಡಿದೆ, ಜ್ವರ ಇರಲಿಲ್ಲ. ಒಂದಿಷ್ಟು ಅಂಬಲಿ ಮಾಡಿ ಕುಡಿಸೋಣ ಅಂತ ಹಿಟ್ಟಿನ ಡಬ್ಬಿ ತೆಗೆದೆ. ಎಷ್ಟು ಮನೆಗಳಲ್ಲಿ ತೆಗೆದಿದ್ದೆನೋ, ಕೈಗೆ ರೂಢಿಯಾಗಿತ್ತು. ಡಬ್ಬಿ ಖಾಲಿ ಇತ್ತು. ಬರೀ ಖಾಲಿ ಅಲ್ಲ, ಒಳಗಿನ ಗೋಡೆಗೆ ಹತ್ತಿದ ಹಿಟ್ಟನ್ನೂ ಬೆರಳಿನಿಂದ ಬಳಿದು ತೆಗೆದಿದ್ದ ಗೀರುಗಳು ಕಾಣುತ್ತಿದ್ದವು. ಪಕ್ಕದ ಬುಟ್ಟಿಯಲ್ಲಿ ಎರಡು ಉಳ್ಳಾಗಡ್ಡಿ, ಒಂದು ಚೂರು ಹುಣಸೆಹಣ್ಣು. ಬೇರೇನೂ ಇರಲಿಲ್ಲ.

ನಾಲ್ಕು ತಿಂಗಳಿಂದ ರೇಶನ್ ಬಂದಿರಲಿಲ್ಲವಂತೆ. ನೂಲು ಸುತ್ತಿ ಸುತ್ತಿ ಆಕೆಯ ಬೆರಳಿನ ಗೆರೆ ಸವೆದುಹೋಗಿದ್ದವು. ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಪ್ಪುತ್ತಿರಲಿಲ್ಲ. ಪ್ರತಿ ತಿಂಗಳು ಮುಂದಿನ ತಿಂಗಳು ಬಾ ಅಂತ ಕಳಿಸುತ್ತಿದ್ದರು. ಕಣ್ಣು ಮಂಜಾದ ಮೇಲೆ ನೂಲಿನ ಕೆಲಸವೂ ನಿಂತಿತ್ತು. ಪಿಂಚಣಿಯಲ್ಲಿ ಬಾಡಿಗೆ ಹೋಗಿ ಉಳಿದದ್ದಕ್ಕೆ ಜೋಳ ತಂದು ಬೀಸಿಸಿ, ಮೊದಲು ಸೋಮವಾರದ ರೊಟ್ಟಿ ಬಡಿದಿಟ್ಟು, ಮಿಕ್ಕಿದ್ದರಲ್ಲಿ ತಾನು ಉಣ್ಣುತ್ತಿದ್ದಳು. ಇದನ್ನೆಲ್ಲ ಆಕೆ ಹೇಳಿದ್ದಲ್ಲ, ಆಮೇಲೆ ಪಕ್ಕದ ಮನೆಯವರು ಹೇಳಿದ್ದು.

ನನಗೆ ಆಗ ಬಂದದ್ದು ಸಿಟ್ಟು. ಅದನ್ನೂ ಹೇಳಿಬಿಡಬೇಕು. ತಪ್ಪು ನನ್ನದು ಅಂತ ಗೊತ್ತಾದ ಕೂಡಲೇ ನನಗೆ ಬರುವುದು ಸಿಟ್ಟೇ. "ಹಿಂಗಿದ್ರ ಕೊಡೂದು ನಿಲ್ಲಸಬೇಕಿಲ್ಲೋ? ಒಂದು ಮಾತು ಹೇಳಬೇಕಿಲ್ಲೋ?" ಅಂದೆ, ಜೋರಾಗಿಯೇ.

ದೊಡ್ಡವ್ವ ನನ್ನ ಕೈಯನ್ನೇ ನೋಡುತ್ತಿದ್ದಳು. ಮುಚ್ಚಳ ಇನ್ನೂ ನನ್ನ ಕೈಯಲ್ಲೇ ಇತ್ತು.

"ಕೊಡೂದು ನಿಲ್ಲಿಸಿದ್ರ ನೀವು ಒಳಗ ಬಂದು ಡಬ್ಬಿ ತಗದು ನೋಡ್ತಿದ್ರಲ್ರೀ ಅಕ್ಕಾರ" ಅಂದಳು.

ಭೂಮಿ ಬಾಯಿ ಬಿಡಬಾರದೇ ಅಂತ ಮಂದಿ ಅನ್ನುವುದನ್ನು ಕೇಳಿದ್ದೆ. ಆವತ್ತು ಅದು ಮಾತಿಗೆ ಹೇಳುವುದಲ್ಲ ಅಂತ ಗೊತ್ತಾಯಿತು. ಮುಚ್ಚಳ ಹಾಕಿದೆ, ಸರಿಯಾಗಿ ಕೂರಲಿಲ್ಲ, ಎರಡು ಸಲ ಒತ್ತಿದೆ. ಪಕ್ಕದ ಮನೆಯಿಂದ ಅಂಬಲಿ ತರಿಸಿ ಕುಡಿಸಿ ಎದ್ದು ಬಂದೆ.

ಸಂಜೆಗೆ ಹತ್ತು ಕಿಲೋ ಜೋಳದ ಹಿಟ್ಟು, ಬೇಳೆ, ಎಣ್ಣೆ ಕಳಿಸಿದೆ. ನಾನು ಹೋಗಲಿಲ್ಲ, ಟಂಟಂ ಓಡಿಸುವವನ ಕೈಯಲ್ಲಿ ಕಳಿಸಿದೆ. ಮುಂದಿನ ಸೋಮವಾರ ದೊಡ್ಡವ್ವ ಕಟ್ಟೆಯ ಮೇಲೆ ಇದ್ದಳು, ಗಂಟಿನ ಸಮೇತ. ಹದಿನೈದು ರೊಟ್ಟಿ, ಒಂದೊಂದೂ ದಪ್ಪ. ನಾನು ಕಳಿಸಿದ ಹಿಟ್ಟನ್ನು ಬಡಿದು ನನ್ನ ಗಾಡಿಗೇ ಕಟ್ಟಿಟ್ಟಿದ್ದಳು. ಇಸಿದುಕೊಂಡು ಬುಟ್ಟಿಗೆ ಹಾಕಿದೆ. ಆ ತಿಂಗಳಲ್ಲೇ ಆಕೆಯ ತಂಗಿಯ ಮಗಳು ಬಂದು ಶಿರಹಟ್ಟಿಗೆ ಕರೆದುಕೊಂಡು ಹೋದಳು. ನಮ್ಮ ಟಂಟಂ ಪ್ರತಿ ಮಂಗಳವಾರ ಶಿರಹಟ್ಟಿಗೆ ಹೋಗುತ್ತಿತ್ತು. ನಾನು ಒಂದು ಸಲವೂ ಹತ್ತಲಿಲ್ಲ. ಇಲ್ಲಿ ಕೆಲಸವಿತ್ತು ಅಂತ ಹೇಳಬಹುದು, ಯಾರೂ ಅಲ್ಲ ಅನ್ನುವುದಿಲ್ಲ. ಒಂದು ವರ್ಷದ ಮೇಲೆ ಟಂಟಂನವನು ಖಾಲಿ ಬುಟ್ಟಿ ಇಳಿಸುತ್ತ, "ಆ ದೊಡ್ಡವ್ವ ಹೋಗಿಬಿಟ್ಲಂತ್ರಿ, ಮೂರು ದಿನಾತಂತ" ಅಂದ.

ಈಗ ನಾವು ಯಾರ ಡಬ್ಬಿಯನ್ನೂ ತೆಗೆಯುವುದಿಲ್ಲ. ಓಣಿಗೊಂದು ಬುಟ್ಟಿ ಗುಡಿಯ ಕಟ್ಟೆಯ ಮೇಲೆ ಇಟ್ಟು ಬರುತ್ತೇವೆ. ಇಡುವವರು ಇಡುತ್ತಾರೆ, ಒಯ್ಯುವವರು ಒಯ್ಯುತ್ತಾರೆ, ನಿಂತು ನೋಡುವವರಿಲ್ಲ. ಮೋಸವಾಗುತ್ತದೆ ಅಂದಿದ್ದರು, ಸ್ವಲ್ಪ ಆಗಿಯೂ ಇರಬಹುದು, ಆಗಲಿ. ಈ ಏರ್ಪಾಡಿಗೆ ನನ್ನನ್ನು ಹೊಗಳುತ್ತಾರೆ. ಊರೂರಿಗೆ ಮಾತಾಡಲು ಕರೆಯುತ್ತಾರೆ. ಹೋದಲ್ಲೆಲ್ಲ ದೊಡ್ಡವ್ವನ ಕಥೆ ಹೇಳುತ್ತೇನೆ: ತಾನು ಉಪವಾಸವಿದ್ದು ಪರರಿಗೆ ರೊಟ್ಟಿ ಕೊಟ್ಟ ತಾಯಿ ಅಂತ. ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ, ಮುಂದಿನ ವಾರ ಎರಡು ಬುಟ್ಟಿ ಹೆಚ್ಚು ರೊಟ್ಟಿ ಬರುತ್ತವೆ. ಹದಿನೈದು ಕೊಡು ಅಂದವಳು ಯಾರು, ಡಬ್ಬಿ ತೆಗೆಯುವ ನಿಯಮ ಯಾರದು, ಇದನ್ನು ಮಾತ್ರ ಎಲ್ಲೂ ಹೇಳಿರಲಿಲ್ಲ. ಇಲ್ಲೇ ಮೊದಲು ಹೇಳುತ್ತಿರುವುದು.

ಹೋದ ತಿಂಗಳು ಲಕ್ಷ್ಮೇಶ್ವರದಲ್ಲೂ ಅದೇ ಕಥೆ ಹೇಳಿದೆ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಕುಳಿತ ಒಬ್ಬ ಮುದುಕಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. "ಯವ್ವಾ, ವಾರಾ ವಾರಾ ಆಕಿ ಮನಿಗೆ ಹೋಗ್ತಿದ್ದೆ ಅಂದಿ" ಅಂತ ಕೇಳಿದಳು. "ಉಂಡಿಯೇನವಾ ಅಂತ ಒಂದಿನಾರ ಆಕಿನ್ನ ಕೇಳಿದ್ದಿಯೇನು?"

ಸುಮ್ಮನೆ ಕೇಳಿದ್ದು. ಚುಚ್ಚಬೇಕು ಅಂತ ಅಲ್ಲ. ನಮ್ಮ ಕಡೆ ದಾರಿಯಲ್ಲಿ ಸಿಕ್ಕವರನ್ನೂ ಕೇಳುವ ಮಾತು ಅದು, ಅದಕ್ಕೆ ದುಡ್ಡು ಬೇಕಿಲ್ಲ, ಬ್ಯಾಂಕು ಬೇಕಿಲ್ಲ. ದೊಡ್ಡವ್ವ ನನ್ನನ್ನು ಕೇಳುತ್ತಿದ್ದಳು. ಪ್ರತಿ ಸೋಮವಾರ, ಗಂಟು ಕೈಗೆ ಇಡುವಾಗ, "ಉಂಡ್ರೇನ್ರಿ ಅಕ್ಕಾರ?" ಆತು ದೊಡ್ಡವ್ವಾ ಅಂದು ನಾನು ಮುಂದಿನ ಮನೆಗೆ ನಡೆಯುತ್ತಿದ್ದೆ. ತಿರುಗಿ ಕೇಳಿದ್ದು ಎಷ್ಟು ಹುಡುಕಿದರೂ ನೆನಪಿಗೆ ಬರುತ್ತಿಲ್ಲ...

"ಇಲ್ಲವಾ, ಕೇಳಲಿಲ್ಲ" ಅಂದೆ. ಮುದುಕಿ ತಲೆಯಾಡಿಸಿ ಸೆರಗು ಸರಿ ಮಾಡಿಕೊಂಡಳು. ಸಭೆ ಮುಗಿಯಿತು, ಎಲ್ಲರನ್ನೂ ಊಟಕ್ಕೆ ಎಬ್ಬಿಸಿದರು. ಆವತ್ತು ನನ್ನಿಂದ ಉಣ್ಣಲಾಗಲಿಲ್ಲ ಅಂತ ಇಲ್ಲಿ ಬರೆದರೆ ಚೆನ್ನಾಗಿರುತ್ತಿತ್ತು. ಆದರೆ ಬೆಳಗಿನಿಂದ ಏನೂ ತಿಂದಿರಲಿಲ್ಲ, ಹಸಿವಾಗಿತ್ತು. ಸಾಲಿನಲ್ಲಿ ಕುಳಿತು ಹೊಟ್ಟೆ ತುಂಬ ಉಂಡೆ.