ಗಡಿಯಾರ ಹಿಂದಕ್ಕಿಟ್ಟ ಚಾಚಾ

ಚಾಚಾ ಅವರಿಗೆ ಎರಡು ಕನ್ನಡಕ. ಒಂದು ಮೂಗಿನ ಮೇಲೆ, ಇನ್ನೊಂದು ಹಣೆಯ ಮೇಲೆ. ಕಂಪ್ಯೂಟರ್ ನೋಡಲು ಮೂಗಿನದು ಸಾಕು. ದೂರದ್ದೇನಾದರೂ ನೋಡಬೇಕೆಂದರೆ ಮೂಗಿನದು ಮೇಲೇರಬೇಕು, ಹಣೆಯದು ಕೆಳಗಿಳಿಯಬೇಕು. ಈ ಅದಲುಬದಲಿನ ಗಡಿಬಿಡಿಯಲ್ಲಿ ತಲೆಯ ಬಿಳಿ ಟೋಪಿ ಜಾರಿ ಕೀಬೋರ್ಡಿನ ಮೇಲೆ ಬೀಳುತ್ತಿತ್ತು. ನಾನು ನಗುತ್ತಿದ್ದೆ. "ನಗು ಬೇಟಿ, ನಿನಗೂ ವಯಸ್ಸಾಗ್ತದ" ಎಂದು ಅವರೂ ನಗುತ್ತಿದ್ದರು.

ಸೇಡಂನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಝೆರಾಕ್ಸ್ ಅಂಗಡಿ. ಅದರ ಗೋಡೆಗೇ ಗೋಡೆ ಹಚ್ಚಿಕೊಂಡು ಅವರ ಪ್ರೆಸ್. ಸುತ್ತಲಿನ ಹಳ್ಳಿಗಳ ಲಗ್ನಪತ್ರಿಕೆಗಳೆಲ್ಲ ಅಲ್ಲಿಯೇ ಆಗಬೇಕು. ಅಕ್ಕನ ಮದುವೆಗೆ ಮಾಡಿಸಿದವರು ತಂಗಿಯ ಮದುವೆಗೆ ಬಂದು, "ಅಕ್ಕಂದು ಹ್ಯಾಂಗಿತ್ತೋ ಹಂಗೇ ಇರ್ಲಿ ಚಾಚಾ" ಎಂದರೆ ಸಾಕು, ಚಾಚಾ ಹಳೆಯ ಪತ್ರಿಕೆ ತೆರೆದು ಹೆಸರು ಬದಲಿಸುತ್ತಿದ್ದರು. ಅದೇ ಬಳ್ಳಿ, ಅದೇ ಗಣಪ, ಅದೇ ಗುಂಡಗುಂಡನೆಯ ಅಕ್ಷರ. ಇವೆಲ್ಲ ಇದ್ದದ್ದು ಒಂದು ಓಬೀರಾಯನ ಕಾಲದ ಸಾಫ್ಟ್‌ವೇರಿನಲ್ಲಿ. ಅದನ್ನು ಮಾಡಿದ ಕಂಪನಿ ಯಾವತ್ತೋ ಬಾಗಿಲು ಹಾಕಿತ್ತು.

ಒಂದು ದಿನ ಅವರ ಕಂಪ್ಯೂಟರ್ ಹೊಗೆ ಬಿಟ್ಟು ಕಣ್ಣು ಮುಚ್ಚಿತು. ಹೊಸದು ಬಂತು, ಅದರ ಜೊತೆ ಹೊಸ ಆಪರೇಟಿಂಗ್ ಸಿಸ್ಟಮ್ಮೂ ಬಂತು. ಹಳೆಯ ಸಾಫ್ಟ್‌ವೇರ್ ಮಾತ್ರ ಅದರಲ್ಲಿ ಏಳಲೊಲ್ಲದು. ಹಳೆಯ ಡಿಸ್ಕಿನಲ್ಲಿ ಉಳಿದಿದ್ದ ಪತ್ರಿಕೆಗಳನ್ನು ಬೇರೆ ಸಾಫ್ಟ್‌ವೇರಿನಲ್ಲಿ ತೆರೆದರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ. "ಇದನ್ನ ಬಿಟ್ಟು ಹೊಸಾದು ಕಲೀರಿ" ಎಂದ ರಿಪೇರಿಯವನಿಗೆ ಚಾಚಾ, "ಪೆಟ್ಟಿಗಿ ಹೊಸಾದು ಇರ್ಲಿಪಾ, ಅಕ್ಷರ ನನ್ನವೇ ಇರ್ಬೇಕು. ಇಲ್ಲಂದ್ರ ಶಟರ್ ಎಳೀತೀನಿ" ಎಂದರು. ಶಟರ್ ಎಳೆದರೆ ಈ ಮನುಷ್ಯ ಎಲ್ಲಿ ಕೂತಾರು ಎಂದು ನನಗೆ ಚಿಂತೆಯಾಯಿತು.

ರಿಪೇರಿಯವ ಏನೇನೋ ಒತ್ತಿದ. ಇದು ಹಳೆಯ ಸಿಸ್ಟಮ್ಮೇ ಎಂದು ಆ ಸಾಫ್ಟ್‌ವೇರನ್ನು ನಂಬಿಸುವ ಒಂದು ಏರ್ಪಾಡು ಇದೆಯಂತೆ, ಅದನ್ನು ಮಾಡಿದ. ಆಮೇಲೂ ಅದು ತನ್ನ ಪರವಾನಗಿಯ ಅವಧಿ ಮುಗಿದಿದೆ ಎಂದು ಹಟ ಹಿಡಿಯಿತು. ಹಳೆಯ ಕಂಪ್ಯೂಟರಿನ ಗಡಿಯಾರ ಸೆಲ್ ಸತ್ತು ಯಾವುದೋ ಹಳೆಯ ವರ್ಷದಲ್ಲೇ ಉಳಿದಿದ್ದರಿಂದ ಈ ತಕರಾರು ಅಲ್ಲಿ ಎದ್ದಿರಲಿಲ್ಲ. ಕೊನೆಗೆ ಹೊಸದರ ಗಡಿಯಾರವನ್ನೂ ಕೆಲವು ವರ್ಷ ಹಿಂದಕ್ಕಿಟ್ಟ. ಬಳ್ಳಿ ಬಂತು, ಗಣಪ ಬಂದ, ಅಕ್ಷರ ಬಂದವು. ಚಾಚಾ ಓಣಿಗೆಲ್ಲ ಚಹಾ ಕುಡಿಸಿದರು.

ಅವರಿಗೆ ಹೊಸ ಪೆಟ್ಟಿಗೆಯಲ್ಲಿ ಒಂದೇ ಒಂದು ವಿಷಯ ಭಾರಿ ಹಿಡಿಸಿತು. ಪರದೆಯ ಮೂಲೆಯಲ್ಲಿ ಒತ್ತಿದರೆ ಕ್ಯಾಲೆಂಡರ್ ತೆರೆಯುತ್ತದೆ. ಗೋಡೆಯ ಕ್ಯಾಲೆಂಡರ್ ನೋಡಲು ಕನ್ನಡಕ ಬದಲಿಸುವ ಪಡಿಪಾಟಲೇ ಇಲ್ಲ!

ಅದೇ ಹುರುಪಿನಲ್ಲಿ ನನ್ನ ತಂಗಿಯ ಲಗ್ನಪತ್ರಿಕೆ ತಯಾರಾಯಿತು. ಮೊದಲ ಪತ್ರಿಕೆ ಮನೆದೇವರಿಗೆ. ಅವ್ವ ಅದನ್ನು ದೇವರ ಜಗಲಿಯ ಮೇಲಿಟ್ಟು ಜೋರಾಗಿ ಓದುತ್ತಾ ಓದುತ್ತಾ ನಿಂತುಬಿಟ್ಟಳು. "ಐತವಾರದ ಲಗ್ನಕ್ಕ ಗುರುವಾರ ಅಂತ ಬರದಾರಲ್ಲೇ!" ತಾರೀಖು ಸರಿ, ವಾರ ತಪ್ಪು. ಗಡಿಯಾರ ಹಿಂದಕ್ಕಿಟ್ಟಿರುವುದನ್ನು ಮರೆತು ಚಾಚಾ ಎಂದೋ ಕಳೆದುಹೋದ ವರ್ಷದ ಕ್ಯಾಲೆಂಡರಿನಲ್ಲಿ ವಾರ ನೋಡಿದ್ದರು. ಅಷ್ಟರಲ್ಲಿ ಸೋದರಮಾವ ಪ್ರೆಸ್ಸಿನಿಂದಲೇ ಒಂದು ಕಟ್ಟು ಪತ್ರಿಕೆ ಒಯ್ದು ತನ್ನೂರು ಗುಂಡಗುರ್ತಿಯ ಮನೆಮನೆಗೆ ಕೊಟ್ಟಾಗಿತ್ತು. ದೇವರ ಮುಂದಿಟ್ಟ ಪತ್ರಿಕೆಯೇ ತಪ್ಪಾಯಿತೆಂದು ಅವ್ವ ಅತ್ತಳು. ತಂಗಿ ಬಾಗಿಲು ಹಾಕಿಕೊಂಡು ಕೂತಳು. ಅವಳಿಗೆ ಒಮ್ಮೆ ನಿಶ್ಚಯವಾದ ಸಂಬಂಧ ಮುರಿದಿತ್ತು. ಈ ಸಲ ಮನೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದಿದ್ದೆವು.

ಸುದ್ದಿ ಕೇಳಿ ಚಾಚಾ ಬಂದರು. ಹೊಸ್ತಿಲ ಹೊರಗೇ ನಿಂತು ಅವ್ವನಿಗೆ ಹೇಳಿದರು: "ಮಿಷನ್ ತಪ್ಪಲ್ಲ ತಂಗಿ, ನಂದೇ ತಪ್ಪು. ಗೋಡಿ ನೋಡ್ಲಿಕ್ಕ ಆಲಸ ಮಾಡ್ದೆ. ಬ್ಯಾರೆ ಪತ್ರಿಕಿ ತರ್ತೀನಿ, ಅರಿಶಿಣ ನೀ ಹಚ್ಚಿಕೊಡು. ಕೊಟ್ಟ ಮನಿಗೆಲ್ಲ ನಾನೇ ಹೋಗ್ತೀನಿ." ಹೊಸ ಪತ್ರಿಕೆಗಳು ಬಂದಾಗ ಅವ್ವ ಒಂದೊಂದರ ಮೂಲೆಗೂ ತಾನೇ ಅರಿಶಿನ ಹಚ್ಚಿಕೊಟ್ಟಳು.

ಆ ಬಿಸಿಲಿನಲ್ಲಿ ಚಾಚಾ ಬಸ್ಸು ಹತ್ತಿ ಗುಂಡಗುರ್ತಿಗೆ ಹೋದರು. ಮಾವ ಆಮೇಲೆ ಹೇಳಿದ: "ಮನಿಮನಿ ಮುಂದ ನಿಂತು ಕರದಾರ ನೋಡು. 'ಪತ್ರಿಕಿ ಸುಳ್ಳು ಹೇಳ್ಯಾದ್ರಿ, ನಾ ಖರೇ ಹೇಳ್ಲಿಕ್ಕತ್ತೀನಿ, ನಮ್ಮ ಹುಡುಗಿ ಲಗ್ನ ಐತವಾರ, ಬರ್ರಿ' ಅಂತ. ನಾ ಕರದಾಗ ನೋಡೋಣು ಅಂದವ್ರೂ ಬರ್ತೀವಿ ಅಂದಾರ."

ಬಂದರು. ಅಡುಗೆಯವರು ಎರಡನೇ ಸಲ ಅನ್ನಕ್ಕೆ ಎಸರಿಡಬೇಕಾಯಿತು. ಅಕ್ಷತೆ ಬಿದ್ದ ಮೇಲೆ ಬೀಗರಿಗೆ ಟವೆಲು, ಟೋಪಿ ಹಾಕಿ ಮರ್ಯಾದೆ ಮಾಡುವುದು ನಮ್ಮ ಕಡೆಯ ರೂಢಿ. ಅವ್ವ ಬೀಗರ ಸಾಲಿನಲ್ಲಿ ಚಾಚಾ ಅವರನ್ನೂ ಕೂರಿಸಿದಳು. ಅವರ ತಲೆಯ ಮೇಲೆ ಟೋಪಿ ಮೊದಲೇ ಇತ್ತಲ್ಲ, ಅದರ ಮೇಲೆಯೇ ಇದನ್ನೂ ಏರಿಸಿಕೊಂಡರು. ಎರಡು ಟೋಪಿ, ಎರಡು ಕನ್ನಡಕ! ಅಳುಬುರುಕಿ ನನ್ನ ತಂಗಿ ಮದುಮಗಳೆಂಬುದನ್ನೂ ಮರೆತು ಬಿದ್ದುಬಿದ್ದು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ಕಂಡು ಎಷ್ಟೋ ದಿನವಾಗಿತ್ತು.

ಅಂದಿನಿಂದ ಚಾಚಾ ಅವರದು ಒಂದೇ ಮಂತ್ರ: "ಅಕ್ಷರ ಪೆಟ್ಟಿಗ್ಯಾಗ ನೋಡು, ವಾರ ಗೋಡಿ ಮ್ಯಾಲ ನೋಡು."

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಪ್ರೆಸ್ ನಡೆಸುವ ಮನಸ್ಸು ಮಕ್ಕಳಿಗಿರಲಿಲ್ಲ. ಪೆಟ್ಟಿಗೆಯನ್ನು ನನ್ನ ಅಂಗಡಿಗೆ ತಂದಿಟ್ಟರು. ಈಗ ಲಗ್ನಪತ್ರಿಕೆಗಳನ್ನು ನಾನೇ ಮಾಡುತ್ತೇನೆ. ವಾರವನ್ನು ಗೋಡೆಯ ಮೇಲೆಯೇ ನೋಡುತ್ತೇನೆ. ಅಂಗಡಿ ತೆರೆದ ಕೂಡಲೇ ಗಡಿಯಾರವನ್ನು ಹಿಂದಕ್ಕಿಡದೆ ಆ ಸಾಫ್ಟ್‌ವೇರ್ ಇಂದಿಗೂ ಏಳುವುದಿಲ್ಲ. ಹಿಂದಕ್ಕಿಟ್ಟ ಮೇಲೆ ಪರದೆಯ ಮೂಲೆಯಲ್ಲಿ ಚಾಚಾ ಇನ್ನೂ ಇರುವ ವರ್ಷವೊಂದು ಬಂದು ಕೂರುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಮತ್ತೆ ಈ ವರ್ಷಕ್ಕೆ ತರಬೇಕು. ನಾನು ತಕ್ಷಣ ತರುವುದಿಲ್ಲ. ಒಂದು ಚಹಾ ತರಿಸಿ, ಅದನ್ನು ಕುಡಿದು ಮುಗಿಸುವವರೆಗೆ ಹಾಗೆಯೇ ಬಿಟ್ಟಿರುತ್ತೇನೆ.