ರೈಟರಜ್ಜ ಕಣ್ಣಿಗೆ ಬಟ್ಟೆ ಕಟ್ಟಿಕೊಂಡದ್ದು

ಕಣದಲ್ಲಿ ಒಣಗುವ ಕಾಫಿಯ ಆ ಹುಳಿಹುಳಿ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ನಗು ತಡೆಯುವುದಿಲ್ಲ. ಇವತ್ತು ಬೆಳಿಗ್ಗೆ ಪಾಲಿಬೆಟ್ಟದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒಬ್ಬಳೇ ಕಿಸಕ್ಕನೆ ನಕ್ಕೆ. ಪಕ್ಕದ ಹೆಂಗಸು ಬ್ಯಾಗನ್ನು ತೊಡೆಮೇಲೆ ಎಳೆದುಕೊಂಡು ಅತ್ತ ಸರಿದರು. ಅವರಿಗೆ ಹೇಳಲಾಗಲಿಲ್ಲ, ನಿಮಗೆ ಹೇಳ್ತೀನಿ, ಕೇಳಿ.

ಕೆಲವು ವರ್ಷದ ಹಿಂದಿನ ಮಾತು, ಆಗಷ್ಟೇ ನಾನು ಮಾಂಟೆಸೊರಿ ಟ್ರೈನಿಂಗ್ ಮುಗಿಸಿ ಬಂದಿದ್ದೆ. ಎಸ್ಟೇಟಿನ ಹಳೇ ಗೋಡೌನಿನಲ್ಲಿ ನಮ್ಮ ಶಾಲೆ. ಮಕ್ಕಳು ಒಂಬತ್ತು, ಭಾಷೆ ಐದು. ಒಬ್ಬ ಮಲಯಾಳದಲ್ಲಿ ಅತ್ತರೆ ಇನ್ನೊಬ್ಬಳು ಉರ್ದುವಿನಲ್ಲಿ ಸಮಾಧಾನ ಮಾಡುತ್ತಿದ್ದಳು, ನಾನು ಕನ್ನಡದಲ್ಲಿ ಮೂಗು ಒರೆಸುತ್ತಿದ್ದೆ. ಜಗ್ಗಿನಿಂದ ಲೋಟಕ್ಕೆ ನೀರು ಸುರಿಯುವುದು, ಕಾಳು ಬೇರ್ಪಡಿಸುವುದು, ತಟ್ಟೆ ತೊಳೆಯುವುದು, ಇವೇ ಪಾಠ. ಕೈ ಕಲಿತದ್ದನ್ನು ತಲೆ ಮರೆಯುವುದಿಲ್ಲ ಅಂತ ನೋಟ್ಸಿನಲ್ಲಿ ಬರೆದು ಕೆಳಗೆ ಕೆಂಪು ಗೆರೆ ಎಳೆದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಮನೆಯಲ್ಲಿ ನನ್ನ ತಟ್ಟೆ ತೊಳೆಯುತ್ತಿದ್ದವರು ನನ್ನಮ್ಮ.

ನಾಲ್ಕು ವರ್ಷದ ಜಾನಕಿಯ ಅಜ್ಜ ಎಸ್ಟೇಟಿನಲ್ಲಿ ರೈಟರಾಗಿದ್ದು ಆಳುಗಳ ಹಾಜರಿ ಹಾಕುತ್ತಿದ್ದವರು. ರಿಟೈರಾದರೂ ಎಲ್ಲರಿಗೂ ರೈಟರಜ್ಜನೇ. ಮೊಮ್ಮಗಳು ಮನೆಗೆ ಹೋಗಿ "ಇವತ್ತು ತಟ್ಟೆ ತೊಳೆದೆ" ಅಂದದ್ದೇ ತಡ, ಮರುದಿನ ಶಾಲೆಯ ಬಾಗಿಲಲ್ಲಿ ನಿಂತರು.

"ಏನು ಟೀಚರೇ, ನಮ್ಮನೇಲಿ ಪಾತ್ರೆ ಇಲ್ವಾ? ತೊಳೆಯೋಕೆ ಇಲ್ಲಿಗೆ ಕಳಿಸ್ಬೇಕಾ?"

"ಒಂದು ದಿನ ಕೂತು ನೋಡಿ ಅಜ್ಜ," ಅಂದೆ.

"ಶುಕ್ರವಾರ ಬರ್ತೀನಿ. ಸರಿ ಕಾಣದಿದ್ರೆ ಸೋಮವಾರದಿಂದ ಕಾನ್ವೆಂಟು."

ಎಸ್ಟೇಟಿನ ಆಳುಗಳಿರುವ ಲೈನ್‌ಮನೆಗಳಲ್ಲಿ ಅವರ ಮಾತೆಂದರೆ ವೇದವಾಕ್ಯ. ಜಾನಕಿಯನ್ನು ಬಿಡಿಸಿದರೆ ಅಲ್ಲಿಯ ಆರು ಮಕ್ಕಳೂ ಹಿಂದೆಯೇ ಹೋಗುತ್ತವೆ. ಉಳಿದ ಇಬ್ಬರಿಗೆ ಯಾರು ಶಾಲೆ ನಡೆಸುತ್ತಾರೆ? ನಾಲ್ಕು ದಿನ ನನಗೆ ಅನ್ನ ಸೇರಲಿಲ್ಲ.

ಶುಕ್ರವಾರ ಚೀಲದಾಟ. ಮಕ್ಕಳು ಮನೆಯಿಂದ ತಂದ ಒಂದೊಂದು ಸಾಮಾನನ್ನು ಬಟ್ಟೆಚೀಲಕ್ಕೆ ಹಾಕಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಮುಟ್ಟಿ ಹೆಸರು ಹೇಳಬೇಕು. ಚೀಲದೊಳಗೆ ಏನಿದೆ ಅಂತ ಟೀಚರು ಮೊದಲೇ ನೋಡಿರಬೇಕು. ಅವತ್ತು ನಾನು ನೋಡುತ್ತಿದ್ದದ್ದು ಅಜ್ಜನ ಮುಖವನ್ನು ಮಾತ್ರ.

"ಇದೇನು ಮಹಾ! ನಂಗೆ ಕಟ್ಟಿ," ಅಂತ ಅಜ್ಜ ಪುಟಾಣಿ ಕುರ್ಚಿಯಲ್ಲಿ ಮಂಡಿ ಗಲ್ಲಕ್ಕೆ ತಾಗುವ ಹಾಗೆ ಕೂತರು. "ಏಲಕ್ಕಿ. ಅಂಗಿ ಗುಂಡಿ. ಒಳ್ಳೆಮೆಣಸು." ಪಟಪಟ ಹೇಳಿದರು. ಮಕ್ಕಳು ಚಪ್ಪಾಳೆ ತಟ್ಟಿದವು. ಜಾನಕಿ ತಾನು ತಂದದ್ದನ್ನು ಅವರ ಅಂಗೈಗೆ ಹಾಕಿದಳು. ಅಜ್ಜ ಬೆರಳಲ್ಲಿ ಉರುಳಿಸಿ, "ಹ್ಞಾಂ, ಚೆರಿ ಕಾಫಿ," ಅಂದರು. ನಮ್ಮ ಕಡೆ ಕಾಫಿ ಜನಕ್ಕೊಂದು ಚಾಳಿ. ಸಿಪ್ಪೆ ಸಮೇತ ಒಣಗಿಸಿದ ಕಾಫಿಹಣ್ಣು ಕೈಗೆ ಬಂತೋ, ಹಲ್ಲಿಗಿಟ್ಟು ಕಚ್ಚಿ ಒಣಗಿದ ಹದ ನೋಡಲೇಬೇಕು. ಅಜ್ಜ ಕಚ್ಚಿದರು. ಒಂದು ಗಳಿಗೆ ಯೋಚಿಸಿದರು.

"ಇನ್ನೂ ಎರಡು ಬಿಸಿಲು ಬೇಕು."

"ಕಾಫಿ ಅಲ್ಲ ಅಜ್ಜ, ಆಡಿನ ಹಿಕ್ಕೆ," ಅಂದಳು ಜಾನಕಿ, ಭಾರೀ ಗಂಭೀರವಾಗಿ. "ನಿನ್ನೆ ನಮ್ಮ ಕಣದಲ್ಲಿ ಕಾಫಿ ಮಧ್ಯದಿಂದ ನಾನೇ ಹೆಕ್ಕಿದ್ದು."

ಅಯ್ಯೋ ದೇವರೇ! ಅಜ್ಜ ಕಣ್ಣಿನ ಬಟ್ಟೆ ಕಿತ್ತೆಸೆದರು, ನಾನು ನಿಂತಲ್ಲೇ ನಿಂತೆ. ಜಾನಕಿ ಮಾತ್ರ ಬೋಗುಣಿ ತಂದು ಅಜ್ಜನ ಮುಂದಿಟ್ಟಳು. ಎರಡೂ ಕೈಯಲ್ಲಿ ಜಗ್ಗು ಹಿಡಿದು ಲೋಟಕ್ಕೆ ನೀರು ಸುರಿದಳು; ಒಂದು ಹನಿ ಹೊರಗೆ ಬೀಳಲಿಲ್ಲ. ಅಜ್ಜ ಏಳು ಲೋಟ ಮುಕ್ಕಳಿಸಿದರು, ಏಳು ಸಲವೂ ಅವಳೇ ಸುರಿದಳು. ಆಮೇಲೆ ಅವರ ಮೀಸೆ ಒರೆಸಿ, ಬೋಗುಣಿ ತೊಳೆದು ಬೋರಲು ಹಾಕಿದಳು. ಕೆಂಪು ಗೆರೆ ಎಳೆದವಳು ನಾನು, ಅದರರ್ಥ ನನಗೆ ಗೊತ್ತಾದದ್ದು ಆಗಲೇ. ಅಜ್ಜ ಎದ್ದು ಸೀದಾ ಮನೆಗೆ ಹೋದರು.

ಸೋಮವಾರ ಬಾಗಿಲಲ್ಲಿ ಕಾಯುತ್ತಿದ್ದೆ. ಅಜ್ಜ ಜಾನಕಿಯ ಕೈ ಹಿಡಿದು ಬಂದರು. ಹಿಂದೆ ಲೈನಿನ ಆರೂ ಮಕ್ಕಳು.

"ಮನೇಲಿದ್ರೆ ಬಂದೋರಿಗೆಲ್ಲ ನಾನು ಕಚ್ಚಿದ್ದನ್ನ ಮಾಡಿ ತೋರಿಸ್ತಾಳೆ," ಅಂತ ದನಿ ತಗ್ಗಿಸಿದರು. "ಸಂಜೆತನಕ ಇಟ್ಕೊಳ್ಳೋಕಾಗುತ್ತಾ?"

ಖುಷಿಗೆ ನನಗೆ ಅಳುವೇ ಬಂತು.

ಈಗ ಗೋಡೌನು ತುಂಬ ಮಕ್ಕಳು. ಹೊಸ ಅಪ್ಪ-ಅಮ್ಮಂದಿರು ಬಂದು "ಇಲ್ಲೇನು ಕಲಿಸ್ತೀರಿ?" ಅಂತ ಕೇಳಿದರೆ ನಾನು ನೋಟ್ಸು ತೆಗೆಯುವುದಿಲ್ಲ. ಸೀದಾ ರೈಟರಜ್ಜನ ಹತ್ತಿರ ಕಳಿಸುತ್ತೇನೆ. ಅವರದ್ದು ಎಲ್ಲರಿಗೂ ಒಂದೇ ಮಾತು:

"ಕಣ್ಣು ಮುಚ್ಚಿ ಸೇರಿಸಿ. ಬಾಯಿನೂ ಮುಚ್ಕೊಂಡಿರಿ."