ಮಣೆಯ ಮೇಲೆ ಕೂತ ಮೂರು ತಿಂಗಳ ಮಗು

ತೊಂಬತ್ತರ ದಶಕದ ಕೊನೆಯಲ್ಲಿ, ಮಗಳು ಹುಟ್ಟಿದ ವರ್ಷ, ನಾನು ಮೈಸೂರಿನ ಒಂದು ದಿನಪತ್ರಿಕೆಯಲ್ಲಿ ಮುಖ್ಯ ಉಪಸಂಪಾದಕನಾಗಿದ್ದೆ. ಅಪ್ಪನಾದ ಅನುಭವವನ್ನು ಭಾನುವಾರದ ಪುರವಣಿಗೆ ವಾರವಾರ ಬರೆಯುತ್ತಿದ್ದೆ. ಮೊನ್ನೆ ಆ ಪುರವಣಿಗಳ ಕಟ್ಟನ್ನು ತೆಗೆದು ನೋಡಿದೆ. ಎರಡು ಕಂತಿನಾಚೆ ಓದಲಾಗಲಿಲ್ಲ. ಅದರಲ್ಲಿ ಮಗುವಿಗಿಂತ ನನ್ನ ಕಣ್ಣೀರೇ ಹೆಚ್ಚು. ಮನೆಯಲ್ಲಿ ನಾನು ಅತ್ತದ್ದನ್ನು ಯಾರೂ ಕಂಡಿಲ್ಲ, ನಾನೂ ಕಂಡಿಲ್ಲ.

ಕಚೇರಿಯಲ್ಲಿ ನಾನು ಬಲು ಕಟ್ಟುನಿಟ್ಟು. ವರದಿಗಾರರು ‘ನೂರಾರು ಜನ’ ಎಂದು ಬರೆದರೆ, “ಎಣಿಸಿದ್ರಾ?” ಎಂದು ಕೇಳುವವನು. ಅಂಥವನು ಒಂದು ಭಾನುವಾರ, ಮೂರು ತಿಂಗಳ ಮಗಳನ್ನು ಮಣೆಯ ಮೇಲೆ ಕೂರಿಸಿ ಎಣ್ಣೆನೀರು ಹಾಕಿದೆ ಎಂದು ಬರೆದೆ. ಹಾಕುತ್ತಿದ್ದವರು ಬಾಣಂತನ ಮಾಡಲು ಬಂದಿದ್ದ ನನ್ನ ಅತ್ತೆ. ಸರಸ್ವತಿಪುರಂನ ಬಾಡಿಗೆ ಮನೆಯ ಬಚ್ಚಲಲ್ಲಿ ಅವರೇ ಮಣೆಯ ಮೇಲೆ ಕೂತು, ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಳ್ಳುತ್ತಿದ್ದರು. ಹೊರಗೆ ನಿಂತಿದ್ದ ನಾನು ಮಣೆಯನ್ನಷ್ಟೇ ಸರಿಯಾಗಿ ನೋಡಿದ್ದೆ.

ಪಕ್ಕದ ಮನೆಯಾಕೆ ಪತ್ರಿಕೆ ಹಿಡಿದೇ ಬಂದರು. “ಮೂರು ತಿಂಗಳ ಕೂಸು ಮಣೆ ಮೇಲೆ ಕೂತ್ಬುಡ್ತಾ ಸಾರ್? ಹಂಗೇ ಹಸೆಮಣೆ ಮೇಲೂ ಕೂರಿಸ್ಬುಡಿ, ಮದ್ವೆನೂ ಆಗೋಗ್ಲಿ!”

ಅತ್ತೆ ನಕ್ಕರು. ಹೆಂಡತಿ ನಗಲಿಲ್ಲ.

“ತಿದ್ದುಪಡಿ ಹಾಕಿ,” ಎಂದಳು. “ನೀರು ಹಾಕಿದ್ದು ಅಮ್ಮ ಅಂತ. ಹಾಕಿದ್ರೆ ನಿಮ್ಗೂ ನೀರು ಹಾಕೋದು ಕಲಿಸ್ತೀವಿ. ಇಲ್ದಿದ್ರೆ ಬಚ್ಚಲ ಹತ್ರ ಸುಳೀಬೇಡಿ.”

ತಿದ್ದುಪಡಿ ನನ್ನ ಕೈಯಲ್ಲೇ ಇತ್ತು. ಮಂತ್ರಿಯ ಇನಿಷಿಯಲ್ ತಪ್ಪಿದರೂ ಮರುದಿನವೇ ಹಾಕುತ್ತಿದ್ದೆ. ಈ ಸಲ ಎರಡು ಸಾಲು ಬರೆಯುವ ಬದಲು ಸಂಪಾದಕರ ಬಳಿ ಹೋಗಿ ಬಾಯಲ್ಲಿ ಹೇಳಿದೆ, ಅವರು ಬೇಡವೆನ್ನಲಿ ಎಂದೇ.

“ಅಂಕಣಕ್ಕೆಲ್ಲ ಯಾರ್ರೀ ತಿದ್ದುಪಡಿ ಹಾಕ್ತಾರೆ? ಓದೋರು ಅಳ್ತಾವ್ರೆ, ಅಳ್ಲಿ ಬುಡಿ,” ಎಂದರು. ನೆಮ್ಮದಿಯಾಗಿ ಮನೆಗೆ ಬಂದೆ.

“ಸಂಪಾದಕರು ಒಪ್ಪಲಿಲ್ಲ,” ಎಂದೆ.

“ಬರ್ದುಕೊಟ್ರಾ?” ಎಂದಳು ಹೆಂಡತಿ.

ಇಷ್ಟು ಚುಚ್ಚುವ ಪ್ರಶ್ನೆಯನ್ನು ನಾನು ಯಾವ ವರದಿಗಾರರಿಗೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಬಚ್ಚಲ ಬಳಿ ಹೋದಾಗ ಒಳಗಿನಿಂದ ಅತ್ತೆಯ ದನಿ ಕೇಳಿಸಿತು. “ಚಿಲಕ ಹಾಕಮ್ಮ. ನೋಡ್ಬುಟ್ರೆ ಇದ್ನೂ ಬರ್ಕೊಂಡ್ಬುಡ್ತಾರೆ.”

ಚಿಲಕ ಬಿತ್ತು. ನೀರು ಬಿದ್ದೊಡನೆ ಮಗಳು ಕಿರುಚಿದಳು, ಆಮೇಲೆ ಸುಮ್ಮನಾದಳು. ಏನು ಮಾಡಿ ಸುಮ್ಮನಾಗಿಸಿದರೋ ನನಗೆ ಇಂದಿಗೂ ಗೊತ್ತಿಲ್ಲ. ಆ ವಾರದ ಕಂತಿನಲ್ಲಿ, ನನ್ನ ಮುಖ ಕಂಡು ಸುಮ್ಮನಾದಳು ಎಂದು ಬರೆದೆ.